ಕಾಡಿನ ಮುಯ್ಯಿ ಹೊತ್ತ ಜಲಜಮ್ಮ

ಹೊಸನಗರದಿಂದ ನಗರದ ಕಡೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತಿರುವ ಒಬ್ಬ ಹೆಂಗಸನ್ನು ಕಂಡರೆ ಅವರು ಮೇಲಿನಸಂಕದ ಜಲಜಮ್ಮ ಎಂದು ತಿಳಿಯಿರಿ. ಮದುವೆಮನೆಯಲ್ಲೂ ಅಷ್ಟೆ. ಪಂಕ್ತಿಗೆ ಕೂತು ಅನ್ನಕ್ಕೆ ಸಾರು ಬೀಳುವ ಮೊದಲೇ ಎದ್ದು, ಬಡಿಸುವವರ ಕೈಯಿಂದ ಬಕೆಟ್ ಕಿತ್ತುಕೊಂಡಿರುತ್ತಾರೆ. ಯಾರಾದರೂ ರೇಗಿಸಿದರೆ, "ಕೂರದೆಲ್ಲಾ ಆಗ್ಲೇ ಕೂತು ಮುಗ್ಸಿದೀನಿ ಮಾರಾಯ್ತಿ" ಎನ್ನುತ್ತಾರೆ.

ಮಾತು ಸುಳ್ಳಲ್ಲ. ಮದುವೆಯಾಗಿ ಬಂದ ವರ್ಷದಿಂದ ಮೊನ್ನೆ ಮೊನ್ನೆಯವರೆಗೆ, ಅಡಿಕೆ ಕೊಯ್ಲಿನ ಅಷ್ಟೂ ತಿಂಗಳು ಮೆಟ್ಟುಗತ್ತಿಯ ಮುಂದೆ ಕಾಲು ಮಡಿಸಿ ಕೂತು ಹಸಿ ಅಡಿಕೆ ಸುಲಿದವರು ಅವರು. ಸುಲಿಯುವ ಹೆಂಗಸರ ಗುಂಪು ಕಟ್ಟಿ, ಹೊಸನಗರ, ತೀರ್ಥಹಳ್ಳಿ ಎರಡೂ ತಾಲ್ಲೂಕಿನ ತೋಟದ ಮನೆಗಳಿಗೆ ಕರೆದೊಯ್ಯುತ್ತಿದ್ದರು. ಆಮೇಲೆ ಸುಲಿಯುವ ಯಂತ್ರ ಬಂತು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಆ ಹೆಂಗಸರ ಬೆರಳುಗಳನ್ನು ನೋಡಿದವರು ಯಾರೂ ಯಂತ್ರವನ್ನು ಬೈಯಲಾರರು. ಸಿಟ್ಟು ಇರುವುದು ಬೇರೆ ಕಡೆ. ಯಂತ್ರಕ್ಕೆ ಸಹಾಯಧನ ಎಷ್ಟು ಎಂದು ಕೇಳಿದವರು ಸಾಲುಗಟ್ಟಿ ನಿಂತರು. ಸುಲಿಯುತ್ತಿದ್ದವರು ನಾಳೆ ಎಲ್ಲಿಗೆ ಹೋಗಬೇಕು ಎಂದು ಕೇಳಿದ ಒಂದು ನರಪಿಳ್ಳೆಯೂ ಇರಲಿಲ್ಲ.

ಜಲಜಮ್ಮ ಕೇಳಿದರು. ಉತ್ತರ ಸಿಗದಿದ್ದಾಗ ಊರಿನ ಮೇಲಿರುವ ಗುಡ್ಡ ನೋಡಿದರು.

ಮೇಲಿನಸಂಕದ ಗುಡ್ಡದ ಮೇಲೆ ಅಕೇಶಿಯಾ ನೆಡುತೋಪಿದೆ. ಹಿಂದೆ ದನ ಮೇಯುತ್ತಿದ್ದ, ಸೊಪ್ಪು ಸಿಗುತ್ತಿದ್ದ ಜಾಗ. ಯಾವುದೋ ಯೋಜನೆಯಲ್ಲಿ ಗಿಡ ನೆಟ್ಟರು, ಫೋಟೊ ತೆಗೆದರು, ಹೋದರು. ಅಗೆಮಡಿಯಲ್ಲಿ ಭತ್ತದ ಸಸಿ ಒತ್ತಾಗಿ ಎದ್ದ ಹಾಗೆ ಮರಗಳೆದ್ದವು. ಗದ್ದೆಯ ಅಗೆಯನ್ನಾದರೆ ಕಿತ್ತು ಬೇರೆ ನೆಡುತ್ತೇವೆ. ಇದನ್ನು ಯಾರೂ ಬಿಡಿಸಲಿಲ್ಲ. ಒಂದರ ನೆರಳಲ್ಲಿ ಇನ್ನೊಂದು ಸೊರಗಿ, ಮುಂಗೈ ದಪ್ಪಕ್ಕೇ ನಿಂತ ಮರಗಳು ಸಾವಿರಾರು. ಅದರಡಿ ನೇರಳೆ, ಮತ್ತಿ, ಹೊನ್ನೆಯ ಮೊಳಕೆ ತಲೆಯೆತ್ತಿ, ಬಿಸಿಲು ಕಾಣದೆ ಅಲ್ಲಲ್ಲೇ ಒಣಗುತ್ತಿದ್ದವು. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಆ ಒಣ ಗಳಗಳೇ ಸೌದೆ.

ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ಆ ಸಲ ಹೆಂಗಸರು ಬೇಕಿತ್ತು. 'ಜಲಜಕ್ಕ ಹೇಗೂ ಓಡಾಡ್ತಾರೆ' ಎಂದು ಅವರ ಹೆಸರು ಹಾಕಿದರು. ಹೆಸರು ಹಾಕಿದವರು, ಜಲಜಮ್ಮ ನಿಜವಾಗಿಯೂ ಓಡಾಡುತ್ತಾರೆ ಎಂದುಕೊಂಡಿರಲಿಲ್ಲ.

ಶಿವಮೊಗ್ಗದಲ್ಲಿ ಕಾಡಂಚಿನ ನಿಧಿ ಎಂಬ ಒಂದು ಸಂಸ್ಥೆ ಇದೆ. ದಟ್ಟವಾದ ನೆಡುತೋಪುಗಳಲ್ಲಿ ಸೊರಗಿದ ಮರ ತೆಗೆದು, ಆ ಸಣ್ಣ ಗಳಗಳಿಂದಲೇ ಊರಿನವರು ಏನಾದರೂ ಕಸುಬು ಕಟ್ಟಿಕೊಳ್ಳುವುದಾದರೆ ಹಣ ಕೊಡುತ್ತದೆ. ಜಲಜಮ್ಮ ಹೋಗಿ ಒಪ್ಪಿಸಿಕೊಂಡು ಬಂದರು. ಗುಡ್ಡವನ್ನು ಮೇಲು ಮಗ್ಗುಲು, ಕೆಳ ಮಗ್ಗುಲು ಎಂದು ಎರಡು ಮಾಡಿ ವರ್ಷಕ್ಕೊಂದು ಬಿಡಿಸುವುದು. ಗಳ ಸುಲಿದು, ಒಣಗಿಸಿ, ಗುದ್ದಲಿಗೆ, ಕೊಡಲಿಗೆ, ಹಾರೆಗೆ ಹಿಡಿ ಮಾಡುವುದು. ಸಾಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಉಮಾಮಹೇಶ್ವರ ಎನ್ನುವವರು, ಹೊರಗಿನಿಂದ ಬರುವ ಹಿಡಿಗಳು ಎರಡೇಟಿಗೆ ಸೀಳುತ್ತವೆ, ಗಟ್ಟಿ ಮರದ್ದು ತಂದರೆ ಎಲ್ಲ ತಗೊಳ್ಳುತ್ತೇನೆ ಎಂದಿದ್ದರು. ಸುಲಿಯುವುದಂತೂ ಆ ಹೆಂಗಸರಿಗೆ ಕಲಿಸಬೇಕಾದ ವಿದ್ಯೆಯಲ್ಲ.

ತೊಡಕು ಒಂದೇ. ಕಾಡಿನ ಕೆಲಸದ ಕೂಲಿಯನ್ನು ನಿಧಿ ಕೊಡುತ್ತದೆ, ಕೆಲಸ ಮಾಡಿದವರ ಖಾತೆಗೇ ಹಾಕುತ್ತದೆ. ಮರ ಕಡೆಯುವ ಲೇತ್ ಮಿಷನ್ನು ಮಾತ್ರ ಊರಿನ ಪಾಲಿನಿಂದ ಬರಬೇಕು. ಪುಕ್ಕಟೆ ಕೊಟ್ಟರೆ ಜನಕ್ಕೆ ಬೆಲೆ ತಿಳಿಯುವುದಿಲ್ಲವಂತೆ. ಈ ಮಾತನ್ನು ನಾನು ಯಾವಾಗಲೂ ಪುಕ್ಕಟೆ ಕಾರಿನಲ್ಲಿ ಬಂದಿಳಿದವರ ಬಾಯಲ್ಲೇ ಕೇಳಿದ್ದೇನೆ.

ಊರಿನ ಹಿರಿಯರಾದ ಕೆರಿಯಪ್ಪನವರ ಜಗಲಿಯಲ್ಲಿ ಸಭೆ ಸೇರಿತು. ಊರಿನ ಪಾಲು ಎಂದೊಡನೆ ಎಲ್ಲರೂ ಸೂರು ನೋಡತೊಡಗಿದರು. ಆಗ ಜಲಜಮ್ಮ ಅಂದರು, "ಮುಯ್ಯಾಳು ಮಾಡಿದ್ರೆ ಹ್ಯಾಂಗೆ? ಮನೆಗೊಂದು ಆಳು ಬರದು. ಖಾತೆಗೆ ಬಂದ ಕೂಲಿ ಬಿಡಿಸ್ಕಂಡು ಬಂದು ಮಿಷನ್ನಿಗೆ ಹಾಕದು."

ಮುಯ್ಯಾಳು ಎಂದರೇನು ಎಂದು ಪೇಟೆಯವರಿಗೆ ಹೇಳಬೇಕಾಗುತ್ತದೆ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಊಟವುಂಟು, ಕೂಲಿಯಿಲ್ಲ. ಒಂದು ದಿನಕ್ಕೆ ಒಂದು ದಿನ, ಅದೇ ಮುಯ್ಯಿ. ತೀರಿಸದವರ ಮನೆಗೆ ಮತ್ತೆ ಯಾರೂ ಕಾಲಿಡುವುದಿಲ್ಲ. ಮುಯ್ಯಾಳಿಗೆ ಬಂದು ಕೂಲಿ ಕೇಳುವುದೆಂದರೆ ನೆಂಟರ ಮನೆಯಲ್ಲಿ ಉಂಡು ಬಿಲ್ಲು ಕೇಳಿದಷ್ಟು ನಾಚಿಕೆಗೇಡು.

ಹಾಗಾಗಿ ಮಾತು ಎಲ್ಲರಿಗೂ ಹಿಡಿಸಿತು. ಕೆರಿಯಪ್ಪ ಮಾತ್ರ ಎಲೆಯಡಿಕೆಯ ಕವಳ ಉಗಿದು ಬಂದು ಕೇಳಿದರು, "ಮುಯ್ಯಾಳು ಅಂದ್ಮೇಲೆ ತೀರ್ಸಕ್ಕೆ ಒಬ್ರು ಬೇಕಲ ಜಲಜ. ಕಾಡು ಬಂದು ನನ್ನ ಶುಂಠಿ ಕೀಳ್ತದಾ?"

ಎಲ್ಲರೂ ನಕ್ಕರು.

"ನಾ ಕೀಳ್ತೀನಿ" ಅಂದರು ಜಲಜಮ್ಮ.

"ನನ್ನೊಬ್ಬಂದಾ, ಎಲ್ರದ್ದಾ?"

"ಎಲ್ರದ್ದೂ. ಅಧ್ಯಕ್ಷೆ ಅಂತ ಹೆಸ್ರು ಹಾಕಿದ್ದು ನೀವೇ ಅಲ್ದಾ? ಕಾಡಿನ ಮುಯ್ಯಿ ನನ್ನ ಮೇಲಿರ್ಲಿ."

ಬೇರೆ ಊರಿನವರು ಬ್ಯಾಂಕಿಗೆ ಹೋಗುತ್ತಿದ್ದರು, ಶಾಸಕರ ಮನೆಗೆ ಹೋಗುತ್ತಿದ್ದರು, ಇಲ್ಲವೇ ಸುಮ್ಮನಾಗುತ್ತಿದ್ದರು. ಊರಿಗೆ ಊರೇ ಒಂದು ಗುಡ್ಡಕ್ಕೆ ದುಡಿದ ಮುಯ್ಯಿಯನ್ನು ಒಂಟಿ ಹೆಂಗಸು ತಲೆ ಮೇಲೆ ಹೊತ್ತುಕೊಳ್ಳುವ ಈ ತಪ್ಪು, ಮುಯ್ಯಾಳು ಮಾಡಿ ಬೆಳೆದವರಿಗೆ ಮಾತ್ರ ಹೊಳೆಯುವಂಥದು.

ಮೇಲು ಮಗ್ಗುಲು ಬಿಡಿಸಿದರು. ಚಳಿಗಾಲದ ಕೊನೆ. ಸೊರಗಿದ್ದು, ಡೊಂಕಾದದ್ದು, ಒಂದಕ್ಕೊಂದು ಉಜ್ಜುತ್ತಿದ್ದದ್ದು ನೆಲಕ್ಕೆ ಬಿತ್ತು. ದಪ್ಪ ಮರ, ಊರ ಜಾತಿಯ ಸಸಿ ಉಳಿಯಿತು. ಸಂಜೆ ಕೆಳಗಿಳಿಯುವಾಗ ತಿರುಗಿ ನೋಡಿದರೆ, ಎಷ್ಟೋ ವರ್ಷಗಳಿಂದ ಕತ್ತಲಿದ್ದ ನೆಲದಲ್ಲಿ ಬಿಸಿಲಿನ ತುಂಡುಗಳು ಬಿದ್ದಿದ್ದವು. ಸುಲಿಯುವ ಗುಂಪಿನಲ್ಲಿದ್ದ ಕವನಾ ಎಲ್ಲರಿಗಿಂತ ಚುರುಕು. ಮೂವತ್ತರ ಹೆಂಗಸು, ರಸ್ತೆ ಕೆಳಗಿನ ಆಶ್ರಯ ಕಾಲನಿಯವರು. "ಅಡಿಕೆಗಿಂತ ಇದೇ ವಾಸಿ, ಕೈ ಕಪ್ಪಾಗಲ್ಲ" ಎನ್ನುತ್ತ ಗಳದ ತೊಗಟೆಯನ್ನು ಉದ್ದಕ್ಕೆ ಎಳೆದು ತೆಗೆಯುತ್ತಿದ್ದರು. ಕೂಲಿ ಖಾತೆಗೆ ಬಂತು. ಮನೆ ಮನೆಯವರೂ ತಂದು ಜಲಜಮ್ಮನ ಕೈಗೆ ಕೊಟ್ಟರು. ಸಾಗರದಿಂದ ಲೇತ್ ಮಿಷನ್ನು ಬಂದು ಪಂಚಾಯ್ತಿಯ ಹಳೇ ಶೆಡ್ಡಿನಲ್ಲಿ ಕೂತಿತು. ಮೊದಲ ಸಲ ಮಾಡಿದ ಹಿಡಿಗಳನ್ನು ಉಮಾಮಹೇಶ್ವರ ತಮ್ಮ ಅಂಗಡಿಯ ಮೆಟ್ಟಿಲ ಕಲ್ಲಿಗೆ ಬೀಸಿ ಬಡಿದು ನೋಡಿ, "ಇನ್ನೂ ತನ್ನಿ" ಎಂದರು.

ಶೆಡ್ಡಿನಲ್ಲಿ ಹೆಂಗಸರು ಹಿಡಿ ಕಡೆಯುತ್ತಿದ್ದರೆ ಜಲಜಮ್ಮ ಮಾತ್ರ ಅಲ್ಲಿರಲಿಲ್ಲ. ಅವರು ಮುಯ್ಯಿ ತೀರಿಸುತ್ತಿದ್ದರು. ಕೆರಿಯಪ್ಪನವರ ಶುಂಠಿ ಕಿತ್ತರು. ಇನ್ನೊಬ್ಬರ ಸೊಪ್ಪಿನ ಬೆಟ್ಟದಲ್ಲಿ ಉದುರಿದ ಒಣ ದರಗು ಗುಡಿಸಿದರು. ಮತ್ತೊಬ್ಬರ ಗೊಬ್ಬರ ಹೊತ್ತರು, ಕಾಳುಮೆಣಸು ಬಿಡಿಸಿದರು. ನಡುವೆ ಓಡಿ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು, ನೀರು ಕುಡಿದು, "ಹಿಡಿ ನುಣ್ಣಗಾಗ್ಲಿ, ಮರದ ಸಿಬಿರು ಉಳಿದ್ರೆ ಬೈತಾರೆ" ಎಂದು ಹೇಳಿ ಮತ್ತೆ ಓಡುವುದು. ಮಗಳು ಸೌಜನ್ಯ ಜೋಗದಿಂದ ಫೋನು ಮಾಡಿ, "ನಿಂಗೆ ಮಿಷನ್ ಬಂತಾ, ಇಲ್ಲ ನೀನೇ ಮಿಷನ್ ಆದ್ಯಾ?" ಎಂದು ಬೈದರಂತೆ.

ಹೀಗಿರುವಾಗ ನಿಧಿಯ ಕಚೇರಿಯಿಂದ ಒಬ್ಬ ಹುಡುಗಿ ಕವನಾಗೆ ಫೋನು ಮಾಡಿದಳು. ಎಲ್ಲ ಊರಿನಲ್ಲೂ ಒಂದಿಬ್ಬರಿಗೆ ಹಾಗೆ ಮಾಡುತ್ತಾರೆ.

"ಕೂಲಿ ತಲುಪಿದ್ಯಾ ಅಮ್ಮ?"

"ತಲುಪ್ತು. ವಾಪಸ್ ಕೊಟ್ಟೆ."

"ಯಾರಿಗೆ?"

"ಜಲಜಕ್ಕಂಗೆ."

ಮುಗಿಯಿತು. ನಿಧಿಯ ಅಧಿಕಾರಿ ಶ್ರೀಕರ ಬಂದು ಶೆಡ್ಡಿಗೆ ಬೀಗ ಹಾಕಿದರು. ಕೆಟ್ಟ ಮನುಷ್ಯರಲ್ಲ. ಕೂಲಿ ಕೊಟ್ಟ ಹಾಗೆ ಮಾಡಿ ಹಿಂದಿನ ಬಾಗಿಲಿಂದ ಕಿತ್ತುಕೊಳ್ಳುವ ಗುತ್ತಿಗೆದಾರರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ಕೊಟ್ಟ ಕೂಲಿಯನ್ನು ತಿರುಗಿ ಪಡೆಯಬಾರದು ಎಂಬ ನಿಯಮ ಇರುವುದೇ ಅಂಥವರಿಗಾಗಿ. ಜಲಜಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು, "ಗುರುವಾರ ಬಂದು ಎಲ್ರನ್ನೂ ಕೇಳ್ತೀನಿ. ಇಷ್ಟಪಟ್ಟು ಊರಿನ ಪಾಲಿಗೆ ಕೊಟ್ವಿ ಅಂತ ಪ್ರತಿಯೊಬ್ರೂ ಅಂದ್ರೆ ಬೀಗ ತೆಗೀತೀನಿ. ಒಬ್ರು ಇಲ್ಲ ಅಂದ್ರೂ ಕೂಲಿ ಅವರವರ ಕೈ ಸೇರೋವರೆಗೂ ತೆಗೆಯಕ್ಕಾಗಲ್ಲ ಅಮ್ಮ."

ಇಲ್ಲ ಎನ್ನುವ ಆ ಒಬ್ಬರು ಯಾರು ಎಂದು ಊರಿಗೆಲ್ಲ ಗೊತ್ತಿತ್ತು. ನಲ್ಲಿಯ ಹತ್ತಿರ ಕವನಾ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡರು. "ಫೋನ್ ಬಂದ್ರೆ ಸಾಕು, ಮನೆ ಗುಟ್ಟೆಲ್ಲಾ ಹೊರಗೆ" ಎಂದು ಒಬ್ಬರು, "ರೇಡಿಯೋ ಸ್ಟೇಷನ್ನು" ಎಂದು ಇನ್ನೊಬ್ಬರು. ಜಲಜಮ್ಮನಿಗೂ ಸಿಟ್ಟು ಬಂದಿತ್ತು. ಬುಧವಾರ ಮಧ್ಯಾಹ್ನ ನೇರ ಕಾಲನಿಗೆ ಇಳಿದರು. ಕವನಾ ಬಟ್ಟೆ ಒಗೆಯುತ್ತಿದ್ದರು.

"ಎಂತಕ್ಕೆ ಹಾಂಗೆ ಹೇಳ್ದೆ?"

"ಕೇಳಿದ್ರು, ಹೇಳ್ದೆ. ಸುಳ್ಳಾ?"

"ಕೊಡಕ್ಕೆ ಮನಸಿಲ್ದಿದ್ರೆ ಅವತ್ತೇ ಹೇಳಕಾಗಿತ್ತು."

"ಎಲ್ಲಿ ಹೇಳದು ಜಲಜಕ್ಕ? ಕೆರಿಯಣ್ಣನ ಜಗಲೀಲಾ? ಎಲ್ರೂ ಹೂಂ ಅನ್ನಕಾದ್ರೆ ನಾ ಒಬ್ಳು ಉಹೂಂ ಅಂದ್ರೆ, ನಾಳೆ ನನ್ನ ಕೆಲ್ಸಕ್ಕೆ ಕರೆಯೋರು ಯಾರು? ನೀವು ಕರೀತೀರಾ?" ಕವನಾ ಬಟ್ಟೆ ಹಿಂಡಿ ಕಲ್ಲಿನ ಮೇಲೆ ಹಾಕಿದರು. "ಹೋಗ್ಲಿ, ಕೊಟ್ಟಿದ್ದಾತು. ಕೆರಿಯಣ್ಣನ ಶುಂಠಿ ಕಿತ್ರಿ. ಮೇಲ್ಮನೆಯೋರ ದರಗು ಗುಡಿಸಿದ್ರಿ. ನಮ್ಮನೆ ಮುಯ್ಯಿ ಯಾವಾಗ ತೀರ್ಸ್ತೀರಿ?"

ಜಲಜಮ್ಮ ಸುತ್ತ ನೋಡಿದರು. ಒಂದು ಮನೆ, ಒಂದು ಒಗೆಯುವ ಕಲ್ಲು, ಮನೆಗೆ ತಾಗಿ ಪಕ್ಕದ ಮನೆಯ ಗೋಡೆ.

"ಹೇಳು, ಎಂತ ಮಾಡ್ಲಿ?"

"ಅಲ್ಲಿ ಬಸಳೆ ಚಪ್ರ ಒಂದಿದೆ. ಕೊಯ್ಲಿಗೆ ಎಷ್ಟು ಆಳು ಬರ್ತೀರಿ ಹೇಳಿ, ಅಡುಗೆ ಮಾಡ್ಬೇಕಲ."

ಜಲಜಮ್ಮ ಬಂದ ದಾರಿಯಲ್ಲೇ ಮೇಲೆ ಹತ್ತಿದರು. ನಾವೆಲ್ಲ ಮುಯ್ಯಾಳನ್ನು ಹೊಗಳಿ ಭಾಷಣ ಮಾಡುತ್ತೇವೆ. ಎಂಥ ಸಮಾನತೆ, ಎಂಥ ಒಗ್ಗಟ್ಟು. ಅದು ಗದ್ದೆ ಇದ್ದವರು ಗದ್ದೆ ಇದ್ದವರೊಂದಿಗೆ ಮಾಡಿಕೊಂಡ ಒಪ್ಪಂದ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತೇವೆ. ನೆಲವಿಲ್ಲದವರು ಅದರೊಳಗೆ ಬಂದರೆ ಅವರ ದಿನ ಹೋಗುತ್ತದೆ, ತಿರುಗಿ ಬರುವುದಕ್ಕೆ ಜಾಗವೇ ಇಲ್ಲ. ಒಂದು ಕಾಲಕ್ಕೆ ಒಡೆಯರ ಅಂಗಳದಲ್ಲಿ ಬಿಟ್ಟಿ ದುಡಿದ ಗೇಣಿದಾರರ ಮೊಮ್ಮಕ್ಕಳು ನಾವು. ನೆಲ ಕೈಗೆ ಬಂದದ್ದೇ, ಬಿಟ್ಟಿಗೆ ಒಂದು ಚೆಂದದ ಹೆಸರು ಹುಡುಕಿಕೊಂಡೆವು.

ಕಾಲನಿಯಲ್ಲಿ ಅಂಥ ಐದು ಮನೆ. ಐದರಲ್ಲಿ ಒಂದಕ್ಕೂ ಜಲಜಮ್ಮ ಮುಯ್ಯಿ ತೀರಿಸಿರಲಿಲ್ಲ. ತೀರಿಸುವುದು ಬಾಕಿಯಿದೆ ಎಂಬುದು ಅವರ ತಲೆಗೇ ಹೋಗಿರಲಿಲ್ಲ.

ಗುರುವಾರ ಬೀಗ ಬಿದ್ದ ಶೆಡ್ಡಿನ ಮುಂದೆ ಎಲ್ಲರೂ ಸೇರಿದರು. ಶ್ರೀಕರ ಒಬ್ಬೊಬ್ಬರನ್ನೇ ಕೇಳಿದರು. "ಇಷ್ಟಪಟ್ಟೇ ಕೊಟ್ಟಿದ್ದು, ಯಾರೂ ಕುತ್ತಿಗೆ ಹಿಡೀಲಿಲ್ಲ" ಎಂದರು ಕೆರಿಯಪ್ಪ. ಉಳಿದವರೂ ಅದನ್ನೇ ಅಂದರು. ಕಾಲನಿಯ ನಾಲ್ಕು ಮನೆಯವರು ನೆಲ ನೋಡುತ್ತ ಹೂಂ ಅಂದರು. ಕವನಾ ಸರದಿ ಬಂದಾಗ ಗುಂಪೆಲ್ಲ ತಿರುಗಿ ಅವರನ್ನು ನೋಡಿತು. ಕವನಾ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡು ಬಾಯಿ ತೆರೆದರು. ಹೂಂ ಅನ್ನುವವಳೇ ಇದ್ದೆ ಎಂದು ಆಮೇಲೆ ಅವರೇ ನನಗೆ ಹೇಳಿದರು.

"ಅವಳನ್ನ ಕೇಳ್ಬೇಡಿ ಸರ್. ನನ್ನ ಕೇಳಿ" ಎಂದರು ಜಲಜಮ್ಮ. "ಅವಳಿಗೆ ಇಷ್ಟ ಇರ್ಲಿಲ್ಲ. ಕಾಲನಿಯ ಐದು ಮನೆಯೋರಿಗೂ ಇರ್ಲಿಲ್ಲ. ಬೇಡ ಅನ್ನಕ್ಕೆ ಆಗದ ಹಾಂಗೆ ಮಾಡಿ ನಾ ಈಸ್ಕಂಡೆ. ಹಾಂಗೇ ಬರ್ಕಳಿ."

ಶ್ರೀಕರ ಪೆನ್ನು ಕೆಳಗಿಟ್ಟರು. "ಹಾಗೆ ಬರೆದ್ರೆ ನಾನು ಬೀಗ ತೆಗೆಯಕ್ಕಾಗಲ್ಲ ಅಮ್ಮ. ಗೊತ್ತಿದೆ ತಾನೆ?"

"ತೆಗೀಬೇಡಿ."

"ನಿಂಗೆ ತಲೆ ಸರಿ ಇದ್ಯಾ?" ಕೆರಿಯಪ್ಪ ಎದ್ದು ನಿಂತರು. "ಬಾಯಿ ಮುಚ್ಕಂಡಿದ್ರೆ ಇಷ್ಟೊತ್ತಿಗೆ ಮಿಷನ್ ತಿರುಗ್ತಿತ್ತು."

"ತಿರುಗ್ತಿತ್ತು ಕೆರಿಯಣ್ಣ. ಅವರ ಕೂಲೀಲಿ ತಿರುಗ್ತಿತ್ತು. ಸುಲಿದ ಗಳ ಮಾರಿಯಾದ್ರೂ ಆ ಐದು ಮನೆಗೆ ಮೊದಲು ಕೊಡ್ತೀನಿ."

ಹಿಂದಿನಿಂದ ಯಾರೋ ಅಂದರು, "ಅವರಿಗೆ ಕೊಡದಾದ್ರೆ ನಮ್ಗೂ ಕೊಡ್ಬೇಕಾಗ್ತದೆ." ಇನ್ನೊಬ್ಬರು, "ಹೌದಲ, ನಾವೂ ಬೆವರು ಸುರಿಸಿದ್ದೇ ಅಲ್ದಾ?" ಇಷ್ಟಪಟ್ಟೇ ಕೊಟ್ಟಿದ್ದು ಎಂದು ಆಗಷ್ಟೇ ಅಂದ ಬಾಯಿಗಳೇ. ಕೆರಿಯಪ್ಪನವರೂ ಕೂತುಕೊಳ್ಳುತ್ತ, "ನ್ಯಾಯ ಅಂದ್ರೆ ಎಲ್ರಿಗೂ ಒಂದೇ" ಎಂದರು. ಬೇಡ ಎಂದು ಬಿಟ್ಟುಕೊಟ್ಟದ್ದು ಇನ್ನೊಬ್ಬರಿಗೆ ಸಿಗುತ್ತದೆ ಎಂದ ಕೂಡಲೇ ನಮಗೆ ನ್ಯಾಯದ ನೆನಪಾಗುತ್ತದೆ.

ಎಲ್ಲರಿಗೂ ಕೊಡಬೇಕೆಂದರೆ ಸುಲಿದು ಒಣಗಿಸಿಟ್ಟ ಅಷ್ಟೂ ಗಳ ಹೋಗಬೇಕು. ಸಮಿತಿಯ ಹೆಸರಲ್ಲಿ ಮರ ಸಾಗಿಸುವ ಪಾಸು ಮಾಡಿಸಿಕೊಂಡು, ಕಾರ್ಖಾನೆಗಳ ಬಾಯ್ಲರಿಗೆ ಸೌದೆ ಸಾಗಿಸುವ ತೀರ್ಥಹಳ್ಳಿಯ ಸುರೇಂದ್ರ ಗೌಡರಿಗೆ ಹೇಳಿ ಕಳಿಸಿದರು. ಗೌಡರು ಲಾರಿಯಿಂದ ಇಳಿದು, ಬೆಳ್ಳಗೆ ಸುಲಿದು ನೀಟಾಗಿ ಅಟ್ಟಿ ಹಾಕಿದ ಗಳಗಳ ಮೇಲೆ ಕೈಯಾಡಿಸಿದರು.

"ಇಷ್ಟು ಚೆಂದ ಸುಲಿದ ಸೌದೆ ನಾ ಜನ್ಮದಲ್ಲಿ ನೋಡಿಲ್ಲ ಜಲಜಮ್ಮ. ಬೆಂಕಿಗೆ ಹಾಕೋದಕ್ಕೆ ಇದಕ್ಯಾಕೆ ಇಷ್ಟು ಶೃಂಗಾರ?"

"ತಗಂಡ್ ಹೋಗಿ ಗೌಡ್ರೆ" ಎಂದರು ಜಲಜಮ್ಮ.

ಲಾರಿಗೆ ಹೇರುವಾಗ ಸುಲಿದ ಹೆಂಗಸರು ಯಾರೂ ಬರಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇಲ್ಲಿ. ಒಂದು ಹಿಡಿಯಾಗಿ ವರ್ಷಗಟ್ಟಲೆ ಒಬ್ಬರ ಕೈಯಲ್ಲಿ ಬಾಳಬೇಕಾದ ಮರ ಒಂದು ರಾತ್ರಿಯ ಬೆಂಕಿಗೆ ಹೋಯಿತು. ಜಲಜಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿತ್ತು. ಹಾಗೆ ಉಳಿಯಬೇಕಿತ್ತೇ?

ಎಲ್ಲರ ಕೂಲಿಯೂ ಎಲ್ಲರ ಕೈ ಸೇರಿತು. ಸಾಲದೆ ಬಂದದ್ದಕ್ಕೆ ಹಿಡಿ ಮಾರಿದ ಹಣ ಹೋಯಿತು. ಶ್ರೀಕರ ಬಂದು ಬೀಗ ತೆಗೆದರು. ಒಳಗೆ ಮಿಷನ್ನಿತ್ತು, ಮರವಿರಲಿಲ್ಲ. ಸಾಗರದಿಂದ ಉಮಾಮಹೇಶ್ವರ ಎರಡು ಸಲ ಫೋನು ಮಾಡಿ, ಹಿಡಿ ಎಲ್ಲಿ ಎಂದು ಕೇಳಿ, ಮೂರನೇ ಸಲ ಮಾಡಲಿಲ್ಲ. ನಾಲ್ಕಾರು ಹೆಂಗಸರು ಬೇರೆ ಕೆಲಸ ಹುಡುಕಿಕೊಂಡರು. ಜಲಜಮ್ಮ ಮಳೆಗಾಲವಿಡೀ ಮನೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಗುಡ್ಡಕ್ಕೆ ಅಲೆದರು. ಕೆಳ ಮಗ್ಗುಲಿನ ಮರ ಬಿಡಿಸಲು ನಿಧಿ ಕೂಲಿ ಕೊಡುತ್ತದೆ. ಆದರೆ ಕಡಿದದ್ದನ್ನು ಹೊತ್ತು ತಂದು, ಸುಲಿದು, ಅಟ್ಟಿ ಹಾಕಲು ಕೊಡುವುದಿಲ್ಲ. ಅದು ಕಸುಬಿನ ಖರ್ಚು. ಅದಕ್ಕೆ ಆಳಿಲ್ಲದಿದ್ದರೆ ಆ ಗಳವೂ ಬಾಯ್ಲರಿಗೇ, ಶೆಡ್ಡಿಗೆ ಶಾಶ್ವತ ಬೀಗ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಕೆರಿಯಪ್ಪನವರ ಅಂಗಳದಲ್ಲಿ ಹೋಗಿ ನಿಂತರು.

"ಕೆರಿಯಣ್ಣ, ಕಾಡು ಬಿಡಿಸಿದ ಕೂಲಿ ಕೈಗೆ ಬಂತು ಅಲ್ದಾ?"

"ಬಂತು."

"ಹಾಂಗಾದ್ರೆ ಅದು ಮುಯ್ಯಾಳಾಗ್ಲಿಲ್ಲ. ನಾ ನಿಮ್ಮ ಶುಂಠಿ ಕಿತ್ತಿದ್ದು ಯಾವ ಲೆಕ್ಕ?"

ಕೆರಿಯಪ್ಪ ಕವಳದ ಹರಿವಾಣ ಎಳೆದುಕೊಂಡರು. ಎಲೆಯ ತೊಟ್ಟು ಮುರಿದರು. ಸುಣ್ಣ ಹಚ್ಚಿದರು. ಹಚ್ಚಿದ ಎಲೆಗೇ ಮತ್ತೆ ಹಚ್ಚಿದರು.

"ಮುಯ್ಯಿ" ಎಂದರು ಕೊನೆಗೆ.

"ಯಾರ ಮೇಲೆ?"

ಒಳಗಿನಿಂದ ಅವರ ಹೆಂಡತಿಯ ನಗು ಕೇಳಿಸಿತು. "ನಿಮ್ಮ ಮೇಲೇ, ಇನ್ಯಾರ ಮೇಲೆ. ಕೂಲಿನೂ ಬೇಕು, ಶುಂಠಿನೂ ಕೀಳ್ಬೇಕು ಅಂದ್ರೆ ಹ್ಯಾಂಗೆ?"

ಹೀಗೆ ಜಲಜಮ್ಮ ತಾವು ದುಡಿದ ಪ್ರತಿ ಮನೆಗೂ ಹೋದರು. ತಮಗೆ ಬರಬೇಕಾದ ದಿನ ಕೇಳಿದರು. ಮರ ಕಡಿಯುವುದು ಕಾಲನಿಯವರು, ನಿಧಿಯ ಕೂಲಿಗೆ. ಹೊರುವುದು, ಸುಲಿಯುವುದು, ಅಟ್ಟಿ ಹಾಕುವುದು ಗದ್ದೆಯ ಮನೆಗಳವರು, ಜಲಜಮ್ಮನ ಮುಯ್ಯಿಗೆ. ಶ್ರೀಕರ ಕೇಳಿ ತಲೆ ಕೆರೆದುಕೊಂಡು, "ನೀವು ಶುಂಠಿ ಕಿತ್ತಿದ್ದು ನಮ್ಮ ಕಾಗದದಲ್ಲಿಲ್ಲ, ಅವರು ಮರ ಹೊರೋದೂ ಬರಲ್ಲ. ಕಡಿದವರ ಕೂಲಿ ಅವರ ಹತ್ರಾನೇ ಇದ್ರೆ ಸಾಕು" ಎಂದರು.

ಕೆಳ ಮಗ್ಗುಲಿನ ಕೆಲಸ ಶುರುವಾದ ಬೆಳಿಗ್ಗೆ ಗದ್ದೆಯ ಮನೆಗಳವರು ಎಲ್ಲರೂ ಬರಲಿಲ್ಲ. ಒಬ್ಬರಿಗೆ ಜ್ವರವಂತೆ. ಇನ್ನೊಬ್ಬರು, ಹೆಂಗಸಿನ ಮುಯ್ಯಿಗೆ ಗಂಡಾಳು ಕೊಡುವ ಪದ್ಧತಿ ಇಲ್ಲ ಎಂದು ಹೇಳಿ ಕಳಿಸಿದ್ದರು. ಅಂಥ ಪದ್ಧತಿಯನ್ನು ಅವರು ಹಿಂದಿನ ದಿನ ಸಂಜೆ ಹುಟ್ಟಿಸಿರಬೇಕು. ಕೆರಿಯಪ್ಪ ಬಂದಿದ್ದರು. ತಲೆಗೆ ಹಾಳೆಟೊಪ್ಪಿ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು. ಕವನಾ ಕತ್ತಿ ಹಿಡಿದು ಬಂದವರು ಮರದ ಹತ್ತಿರ ಹೋಗದೆ ನಿಂತರು.

"ಮೊದಲು ಹೇಳಿ ಜಲಜಕ್ಕ. ಎಲ್ರ ಎದುರಿಗೆ ಹೇಳಿ."

"ಕೂಲಿ ನಿಂದು. ಯಾರೂ ವಾಪಸ್ ಕೇಳಲ್ಲ. ನಾನೂ ಕೇಳಲ್ಲ."

"ಕೆರಿಯಣ್ಣಂಗೆ ಕೇಳಿಸ್ತಾ?"

"ಕೇಳಿಸ್ತು ಮಾರಾಯ್ತಿ, ಕಿವಿ ಸರಿಯಿದೆ."

ಕವನಾ ಕತ್ತಿ ಬೀಸಿದರು. ಬಿಸಿಲೇರುವ ಹೊತ್ತಿಗೆ ಸೊರಗಿದ ಗಳಗಳು ಇಳಿಜಾರಿನ ಉದ್ದಕ್ಕೂ ಬಿದ್ದಿದ್ದವು. ಹೊರುವ ಆಳು ಸಾಲುತ್ತಿರಲಿಲ್ಲ. ಜಲಜಮ್ಮ ದಾರಿಯ ಕಡೆ ನೋಡಿದರು, ಮತ್ತೆ ನೋಡಿದರು. ಆಮೇಲೆ ಸೆರಗು ಬಿಗಿದು, "ಯಾವ್ದು ಬಿಡದು, ಯಾವ್ದು ಕಡಿಯದು, ನೀನೇ ನೋಡ್ಕಳೆ ಕವನಾ. ಆ ಜ್ವರದ ಮನೆಗೂ ಪದ್ಧತಿಯ ಮನೆಗೂ ಹೋಗಿ ಬತ್ತೀನಿ" ಎಂದು ಇಳಿದೇ ಬಿಟ್ಟರು.

ಜಲಜಮ್ಮ ಹೋದ ದಾರಿಯನ್ನೂ ಕವನಾರನ್ನೂ ಕೆರಿಯಪ್ಪ ನೋಡಿದರು. "ಹಾಂಗಾದ್ರೆ ಇನ್ನು ನಾ ನಿನ್ನ ಮಾತು ಕೇಳ್ಬೇಕಾ?"

"ಕೇಳದೇನೂ ಬೇಡ ಕೆರಿಯಣ್ಣ" ಎಂದರು ಕವನಾ, ಇನ್ನೊಂದು ಗಳ ಕೆಡವುತ್ತ. "ಹೊರ್ರಿ."